ಹಿಂದಿನ ಸೀಟಿನ ತತ್ವಪದ

ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ದಿನವೂ ಸಂಜೆ ಪ್ರವಚನ ಹೇಳುತ್ತೇನೆ. ಜನ ತಲೆದೂಗುತ್ತಾರೆ, ಬಹಳ ಚೆನ್ನಾಗಿತ್ತು ಎಂದು ಹೊಗಳಿ ಹೋಗುತ್ತಾರೆ. ಬೆಳಗಾದರೆ ಮತ್ತೆ ಅದೇ ಜಗಳ, ಅದೇ ಸುಳ್ಳು. ಇವರೆಲ್ಲ ಕಪಟಿಗಳಲ್ಲವೇ?"

ಗುರುಗಳು ಹೇಳಿದರು:

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಕೊಡವನ್ನು ಬೆರಳಿನಿಂದ ತಟ್ಟಿ, ಕೂದಲೆಳೆಯ ಬಿರುಕನ್ನೂ ಸದ್ದಿನಲ್ಲೇ ಹಿಡಿಯುವವನು. ಕಿವಿಯೆಂದರೆ ತನ್ನದೇ ಕಿವಿ ಎಂಬ ಜಂಬ ಅವನಿಗೆ. ಮಂಡಿನೋವಿನ ತಾಯಿಯನ್ನು ವಾರಕ್ಕೊಮ್ಮೆ ಪಕ್ಕದೂರಿನ ವೈದ್ಯರಲ್ಲಿಗೆ ಕರೆದೊಯ್ಯಲು ಅವನೊಂದು ಹಳೆಯ ಕಾರು ಕೊಂಡ. ತಾಯಿಗೆ ತತ್ವಪದವೆಂದರೆ ಪ್ರಾಣ. ದಾರಿಯುದ್ದಕ್ಕೂ ಕೇಳಲಿ ಎಂದು ಕಾರಿಗೆ ಹಾಡಿನ ಸೆಟ್ ಹಾಕಿಸಲು ಹೊರಟ.

ಆಸೆ ದೊಡ್ಡದು, ಜೇಬು ಸಣ್ಣದು. ಸೆಟ್ ಕೊಂಡು, ಮುಂದಿನ ಬಾಗಿಲುಗಳಿಗೆ ಸ್ಪೀಕರ್ ಕೂರಿಸಿದ ಮೇಲೆ ಉಳಿದ ಹಣ ಸ್ವಲ್ಪವೇ. ಅದರಲ್ಲಿ ಹಿಂದಿನ ಬಾಗಿಲುಗಳಿಗೆ ಸ್ಪೀಕರ್ ಬರುತ್ತಿತ್ತು, ಇಲ್ಲವೇ ಡಿಕ್ಕಿಯಲ್ಲಿಡುವ, ದಪ್ಪ ಸದ್ದು ಹೊಮ್ಮಿಸುವ ದೊಡ್ಡ ವೂಫರ್ ಪೆಟ್ಟಿಗೆ ಬರುತ್ತಿತ್ತು. ವ್ಯಾಪಾರಿ ಸ್ಟೇರಿಂಗ್ ಮುಂದೆ ಕೂತು ಪೆಟ್ಟಿಗೆ ಹಾಕಿಸಿ ನೋಡಿದ. ಹಾಡಿಗೆ ಜೀವ ಬಂದಂತಾಯಿತು. ಪೆಟ್ಟಿಗೆಯೇ ಇರಲಿ ಎಂದ. ಹಿಂದಿನ ಸೀಟಿನಲ್ಲಿ ಕೂತು ಕೇಳಬೇಕೆಂದು ಅಷ್ಟು ದೊಡ್ಡ ಕಿವಿಯವನಿಗೆ ಹೊಳೆಯಲೇ ಇಲ್ಲ.

ಮೊದಲ ದಿನ, ನೋವಿನ ಕಾಲು ಚಾಚಲೆಂದು ಹಿಂದಿನ ಸೀಟಿನಲ್ಲಿ ಕೂತ ತಾಯಿ, "ತಮ್ಮಾ, ಸೌಂಡ್ ಸ್ವಲ್ಪ ಕಡಿಮಿ ಮಾಡಪಾ" ಎಂದಳು. ವ್ಯಾಪಾರಿಗೆ ಮೈ ಉರಿಯಿತು. "ಇಷ್ಟೆಲ್ಲಾ ಯಾರ ಸಲುವಾಗಿ ಮಾಡೇನಿ? ಕತ್ತೆಗೇನ ಗೊತ್ತು ಕಸ್ತೂರಿ ವಾಸನೆ!" ಎಂದುಬಿಟ್ಟ.

ತಾಯಿ ಮತ್ತೆ ಆ ಮಾತೆತ್ತಲಿಲ್ಲ. ಅವನು ಹೇಗಿದೆ ಎಂದು ಕೇಳಿದಾಗಲೆಲ್ಲ "ಚಲೋ ಐತಿ" ಎನ್ನುತ್ತಿದ್ದಳು. ಕಾರು ಹತ್ತುವಾಗ ಹಳೆ ಸೀರೆಗಳಿಂದ ಹೊಲಿದ ದಪ್ಪ ಕೌದಿಯೊಂದನ್ನು ಮಡಚಿ ತಂದು ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದಳು. ರಸ್ತೆ ಸರಿಯಿಲ್ಲ, ಪಾಪ, ಎಂದುಕೊಂಡ ವ್ಯಾಪಾರಿ. ಅಂಗಡಿಗೆ ಬಂದವರ ಮುಂದೆಲ್ಲ, ತಾಯಿಗಾಗಿ ಇಂಥ ಸೆಟ್ ಹಾಕಿಸಿದ ಮಗ ಈ ಊರಲ್ಲಿ ಇನ್ನೊಬ್ಬನಿದ್ದರೆ ತೋರಿಸಿ ಎಂದು ಕೊಚ್ಚಿಕೊಂಡ.

ಹೀಗೇ ಕಾಲ ಕಳೆಯಿತು. ಒಮ್ಮೆ ಹಂಡೆ ಇಳಿಸುವಾಗ ವ್ಯಾಪಾರಿಯ ಕೈ ಉಳುಕಿತು. ಆ ವಾರ ಅವನ ಅಕ್ಕನ ಗಂಡ ಕಾರು ಓಡಿಸಿದ. ಅಕ್ಕ ಮುಂದೆ ಕೂತಳು. ವ್ಯಾಪಾರಿ ಮೊದಲ ಸಲ ಹಿಂದೆ, ತಾಯಿಯ ಪಕ್ಕ ಕೂತ.

ಹಾಡು ಶುರುವಾಯಿತು. ವ್ಯಾಪಾರಿ ಕಿವಿಗೊಟ್ಟ. ಪದದ ಒಂದು ಮಾತೂ ತಿಳಿಯಲಿಲ್ಲ. ಸೀಟಿನ ಹಿಂದಿನ ಪೆಟ್ಟಿಗೆ ಮಾತ್ರ ಬೆನ್ನಿಗೆ ಒನಕೆಯಲ್ಲಿ ಕುಟ್ಟಿದಂತೆ ಗುದ್ದುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ತಲೆ ಸಿಡಿಯತೊಡಗಿತು. ಮುಂದಿನಿಂದ ಅಕ್ಕ ತಿರುಗಿ, "ಇಂಥಾ ಹಾಡು ಕೇಳಾಕ ಅವ್ವ ಪುಣ್ಯ ಮಾಡ್ಯಾಳ ನೋಡು" ಎಂದಳು.

ಅಷ್ಟರಲ್ಲಿ ತಾಯಿ ತನ್ನ ಬೆನ್ನ ಹಿಂದಿನ ಕೌದಿಯನ್ನು ಎಳೆದು, ಅರ್ಧವನ್ನು ಮಗನ ಬೆನ್ನಿಗೆ ಇಟ್ಟಳು.

ವ್ಯಾಪಾರಿಯ ಮುಖ ನಾಚಿಕೆಯಿಂದ ಕೆಂಪೇರಿತು. "ಯವ್ವಾ, ಇಷ್ಟು ದಿನ ಚಲೋ ಐತಿ ಅಂತ ಯಾಕ ಅಂದಿ?" ಎಂದು ಮೆಲ್ಲಗೆ ಕೇಳಿದ.

"ನೀ ಕೇಳುವಾಗ ಮುಂದಿನ ಕನ್ನಡಿಯೊಳಗ ನಿನ್ನ ಮಾರಿ ಕಾಣತಿತ್ತು" ಎಂದಳು ತಾಯಿ. "ಎಷ್ಟು ಖುಷಿಯೊಳಗ ಇರ್ತಿದ್ದಿ. ಹ್ಯಾಂಗ ಇಲ್ಲಾ ಅನ್ನಲಿ?"

ಕತ್ತೆ ಎಂದದ್ದು ಯಾರನ್ನು ಎಂದು ನೆನಪಾಗಿ, ವ್ಯಾಪಾರಿಗೆ ಭೂಮಿ ಬಾಯಿಬಿಟ್ಟರೆ ಇಳಿದುಹೋಗಬೇಕು ಎನಿಸಿತು. ವೈದ್ಯರ ಮನೆ ಬರುವವರೆಗೂ ಅವನು ತಲೆಯೆತ್ತಿ ತಾಯಿಯ ಮುಖ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ "ಆಮೇಲೆ ಅವನು ಏನು ಮಾಡಿದ?" ಎಂದು ಕೇಳಿದ.

"ಅವನ ವಿಷಯ ಬಿಡು, ನಾಳೆ ನಿನ್ನ ಪ್ರವಚನವನ್ನೇ ನಾನು ಹೇಳುತ್ತೇನೆ, ನೀನು ಹೋಗಿ ಕೊನೆಯ ಸಾಲಿನಲ್ಲಿ ಕೂತು ಕೇಳು" ಎಂದರು ಗುರುಗಳು.