ಒಣ ಹಳ್ಳದ ಆಚೆ ಈಚೆ

ನನಗೆ ಕತೆ ಹೇಳಲು ಸರಿಯಾಗಿ ಬರುವುದಿಲ್ಲ, ಕ್ಷಮಿಸಬೇಕು. ಕುಮದಳ್ಳಿಯಲ್ಲಿ ಒಬ್ಬ ಜನಗಣತಿ ಗುಮಾಸ್ತನಿದ್ದ. ಅಕ್ಕಪಕ್ಕದ ಊರುಗಳು ಕೂಡಿಕೊಂಡಿದ್ದರೆ ಅವುಗಳ ಜನಸಂಖ್ಯೆ ಸೇರಿಸಿ, ಒಂದೇ ಪಟ್ಟಣವೆಂದು ಬರೆಯುವುದು ಅವನ ಕೆಲಸ. ಕೂಡಿಕೊಳ್ಳುವುದು ಎಂದರೆ, ನಡುವೆ ಬಯಲಿಲ್ಲದೆ ಮನೆಗೆ ಮನೆ ತಾಗುವುದು.

ಊರಿನ ಅಧ್ಯಕ್ಷ ವೀರಭದ್ರಗೌಡರು ಬಂದು ಮೇಜು ಗುದ್ದಿದರು. "ನಾನು ಪಟ್ಟಣದ ಅಧ್ಯಕ್ಷ ಅನ್ನಿಸ್ಕೋಬೇಕು! ಆಚೆಯ ಹೊಸಕೇರಿಯನ್ನೂ ನಮ್ಮೂರಿಗೆ ಸೇರಿಸಿ ಬರಿ. ನಡುವೆ ಇರೋದು ಒಂದು ಒಣ ಹಳ್ಳ, ಅದೂ ಒಂದು ಅಡ್ಡಿಯೇನೋ? ಬರೀದಿದ್ರೆ ನಾಳೆಯೇ ನಿನ್ನ ವರ್ಗ ಮಾಡಿಸ್ತೀನಿ."

ಸುಳ್ಳು ಬರೆದರೆ ಕೆಲಸ ಹೋಗುತ್ತದೆ, ಬರೆಯದಿದ್ದರೆ ಊರು ಬಿಡಬೇಕು. ಗುಮಾಸ್ತ ಧೈರ್ಯವಂತನೇನಲ್ಲ, ನನ್ನ ಹಾಗೆಯೇ, ಹೆಂಡತಿ ಕೆಮ್ಮಿದರೆ ಎದ್ದು ನಿಲ್ಲುವವನು. ಆದರೂ ಪೆನ್ನು ತೆಗೆದ.

"ಆಗಲಿ ಗೌಡ್ರೇ. ಪಟ್ಟಣಕ್ಕೆ ನಮ್ಮೂರ ಹೆಸರೇ ಇರಲಿ. ಆದರೆ ಊರು ಒಂದಾದರೆ ಅಧ್ಯಕ್ಷರೂ ಒಬ್ಬರೇ. ಹೊಸಕೇರಿಯಲ್ಲಿ ನಮ್ಮೂರಿನ ಎರಡರಷ್ಟು ಜನ ಇದ್ದಾರೆ. ಅವರೆಲ್ಲ ನಿಮಗೇ ವೋಟು ಹಾಕ್ತಾರೆ, ಅಲ್ವಾ?"

ಗೌಡರು ಗಬಕ್ಕನೆ ಪೆನ್ನು ಕಿತ್ತುಕೊಂಡರು. "ನಿಲ್ಲಿಸೋ! ನಡುವೆ ಅಷ್ಟು ದೊಡ್ಡ ಹೊಳೆ ಹರೀತಿದೆ, ಕಣ್ಣಿಗೆ ಕಾಣಲ್ವಾ?"

ಇಲ್ಲಿ ಹೊಳೆ ಎಂದರೆ, ಮೊದಲು ಹೇಳಿದ ಅದೇ ಒಣ ಹಳ್ಳ. ಅದು ಅಷ್ಟರಲ್ಲಿ ಹೊಳೆ ಹೇಗಾಯಿತೆಂದರೆ... ಅಯ್ಯೋ, ಒಳಗೆ ಕೆಮ್ಮಿದ ಸದ್ದು. ಬಂದೆ ಕಣೇ, ಬಂದೆ!