ಗಾಲಿಯೊಳಗಿನ ಹಾಡು

"ಅಜ್ಜಾರ, ಕಣ್ಣು ಮುಚ್ಚಿ ಕುಂತರ ಸಾಕು, ಒಳಗೊಂದು ನಾದ ಕೇಳತೈತಿ. ತಂಬೂರಿ ಮೀಟಿದಂಗ ಇರತೈತಿ. ಅದರಾಗ ಕುಂತ ಮ್ಯಾಲ ಏಳಬೇಕು ಅನ್ಸೂದೇ ಇಲ್ಲ. ನನ್ನನ್ನ ದಾಸೋಹದ ಕೆಲಸದಿಂದ ಬಿಡಿಸಿಬಿಡ್ರಿ. ಇನ್ನ ಆ ನಾದದಾಗ ಇದ್ದುಬಿಡ್ತೀನಿ. ಅದು ಖರೇ ಹೌದಲ್ರೀ?"

ಕೇಳಿದವನು ಮಡಿವಾಳಯ್ಯ, ಮಠದ ಅಡುಗೆಮನೆಯಲ್ಲಿ ಸಾರು ಕುದಿಸುತ್ತಿದ್ದ ಶಿಷ್ಯ. ಕೇಳಿಸಿಕೊಂಡವರು ಮಠದ ಗುರುಗಳು. ಊರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿತ್ತು. ಅಜ್ಜಾರು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಉತ್ತರ ಕೊಟ್ಟರೆ ಶಿಷ್ಯರು ಅದನ್ನು ಗಂಟು ಕಟ್ಟಿಕೊಂಡು ಹೋಗಿ ದಾರಿಯಲ್ಲೇ ಬೀಳಿಸಿಕೊಳ್ಳುತ್ತಾರೆ ಎಂಬುದು ಅವರ ಅನುಭವವಾಗಿತ್ತು. ಜಮಖಾನೆಯ ಮೇಲೆ ಸರಿದು ಕುಳಿತು ಒಂದು ಕತೆ ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಮಕ್ಕಳ ಅಂಗಿ, ಲಂಗ, ಕುಲಾವಿ ಮಾರುವುದು ಅವನ ಕಸುಬು. ಮೋಟಾರ್ ಸೈಕಲ್ಲಿಗೆ ಗಂಟು ಬಿಗಿದು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಹೆಂಡತಿ ಶಾವಂತ್ರವ್ವ ಹಿಂದೆ ಕೂರುತ್ತಿದ್ದಳು. ಅವಳಿಗೆ ದಾರಿಯುದ್ದಕ್ಕೂ ಗುನುಗುವ ಅಭ್ಯಾಸ. ಆ ಹಾಡಿಗೆ ಮಾತಿರಲಿಲ್ಲ, ಬರಿಯ ರಾಗ. ಕಿವಿಗಿಂತ ಮೊದಲು ಅದು ಅವನ ಬೆನ್ನಿಗೆ ತಾಗುತ್ತಿತ್ತು. ಚೆನ್ನಾಗಿದೆ ಎಂದು ಅವನು ಒಂದು ದಿನವೂ ಹೇಳಲಿಲ್ಲ. ಗಂಡಸರು ಹಾಗೆಯೇ. ಹೇಳಿದರಾಯಿತು, ಎಲ್ಲಿ ಹೋಗುತ್ತಾಳೆ ಎಂದುಕೊಂಡಿರುತ್ತಾರೆ.

ಒಂದು ಮಳೆಗಾಲದಲ್ಲಿ ಜ್ವರ ಬಂದು ಅವಳು ತೀರಿಕೊಂಡಳು. ಮನೆಯಲ್ಲಿ ಉಳಿದವರು ಅವನು ಮತ್ತು ಅವಳ ತಾಯಿ. ಆ ಅತ್ತೆ ಅವನಿಗೆ ಸೋದರತ್ತೆಯೂ ಹೌದು. ಅವನನ್ನು ಎತ್ತಿ ಆಡಿಸಿದವಳು. ಅಳಿಯನಾದ ಮೇಲೂ ಅವನನ್ನು ತಮ್ಮಾ ಎಂದೇ ಕರೆಯುತ್ತಿದ್ದಳು. ಇಬ್ಬರೂ ಒಂದೇ ದುಃಖವನ್ನು ಒಂದೇ ಮನೆಯಲ್ಲಿ ಇಟ್ಟುಕೊಂಡು, ಅದರ ಬಗ್ಗೆ ಮಾತಾಡದೆ ಬದುಕುತ್ತಿದ್ದರು.

ವರ್ಷ ಕಳೆದಿತ್ತು. ಒಂದು ಸಂಜೆ ವ್ಯಾಪಾರಿ ಸಂತೆ ಮುಗಿಸಿ ಬರುತ್ತಿದ್ದ. ದಾರಿ ಬರಿದಾಗಿತ್ತು. ಗಾಡಿ ಒಂದು ಹದದ ವೇಗಕ್ಕೆ ಬಂದಾಗ ಅವನ ಬೆನ್ನ ಹಿಂದೆ ಗುನುಗು ಎದ್ದಿತು. ವೇಗ ಇಳಿಸಿದ, ಅದೂ ಇಳಿಯಿತು. ಏರಿಸಿದ, ಏರಿತು. ಅವನು ತಿರುಗಿ ನೋಡಲಿಲ್ಲ. ನೋಡಿದರೆ ಎದ್ದು ಹೋಗಿಬಿಡುತ್ತಾಳೆ ಎಂಬ ಅಂಜಿಕೆ. ಮನೆಯ ತಿರುವು ಬಂತು. ಅವನು ತಿರುಗಲಿಲ್ಲ, ನೇರ ಹೋದ.

ಅಂದಿನಿಂದ ಅವನು ಸೀಟಿನಲ್ಲಿ ಸ್ವಲ್ಪ ಮುಂದೆ ಸರಿದು ಕೂರತೊಡಗಿದ. ಹಿಂದೆ ಕಟ್ಟುತ್ತಿದ್ದ ಗಂಟನ್ನು ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಕಟ್ಟಿದ. ಸಂತೆಗೆಂದು ಹೊರಟವನು ಸಂತೆಯನ್ನೇ ದಾಟಿ ಹೋಗುತ್ತಿದ್ದ. ದಾರಿ ತಾನಾಗಿಯೇ ಗಾಲಿಯ ಕೆಳಗೆ ಹರಿಯುತ್ತಿತ್ತು. ಹೊಲ ಬಂದು ಹೋಗುತ್ತಿತ್ತು, ಊರು ಬಂದು ಹೋಗುತ್ತಿತ್ತು. ಎಚ್ಚರವೋ ನಿದ್ದೆಯೋ ಅವನಿಗೇ ತಿಳಿಯುತ್ತಿರಲಿಲ್ಲ. ಗಂಟು ಬಿಚ್ಚದೆ ಮನೆಗೆ ಬಂದ ದಿನಗಳೂ ಇದ್ದವು. ಆದರೂ ಮುಖದಲ್ಲಿ ಕಳೆ ಬಂದಿತ್ತು. ಅತ್ತೆ ನೋಡಿ, ಅಳಿಯ ಸುಧಾರಿಸಿಕೊಂಡ ಎಂದು ಸಮಾಧಾನಪಟ್ಟಳು.

ಒಮ್ಮೆ ಪಂಕ್ಚರ್ ಹಾಕುವವನು ಹಿಂದಿನ ಗಾಲಿಯನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿದ. "ಬೇರಿಂಗ್ ಹೋಗ್ಯಾವ್ರೀ. ಗುಂಯ್ ಅನ್ನಾಕತ್ತಿರಬೇಕಲ್ಲ? ಲಗೂನ ಬದಲಿ ಮಾಡಿಸ್ರಿ" ಎಂದ.

ವ್ಯಾಪಾರಿಗೆ ಯಾರೋ ತನ್ನ ಹೆಂಡತಿಯನ್ನೇ ಬೈದಷ್ಟು ಸಿಟ್ಟು ಬಂತು. ಗಾಡಿ ಹತ್ತಿ ಹೊರಟುಬಿಟ್ಟ. ಅವನಿಗೆ ಗೊತ್ತಿರಲಿಲ್ಲ ಎಂದಲ್ಲ ಮಡಿವಾಳಯ್ಯ, ಗೊತ್ತಾಗುವುದು ಬೇಡವಾಗಿತ್ತು.

ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ್ದರು. ಮತ್ತೆ ತೋರಿಸಿಕೊಂಡು ಬರಲು ಅವನು ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟ. ಹೆಚ್ಚು ಭಾರಕ್ಕೆ ಗುನುಗು ಇನ್ನೂ ತುಂಬಿ ಬಂತು. ಅವನಿಗೆ ಮೈಮರೆತುಹೋಯಿತು. ಅತ್ತೆಯ ಸೆರಗು ಗಾಳಿಗೆ ಜಾರಿ ಗಾಲಿಯ ಕಡೆಗೆ ಇಳಿಯಿತು. ಅವಳು "ತಮ್ಮಾ, ಸೆರಗು" ಎಂದಳು. "ತಮ್ಮಾ, ನಿಲ್ಲಸೋ" ಎಂದು ಕೂಗಿದಳು. ಬೆನ್ನಿಗೆ ಬಡಿದಳು. ಇವತ್ತು ಶಾವಂತ್ರವ್ವ ಗಟ್ಟಿಯಾಗಿ ಹಾಡುತ್ತಿದ್ದಾಳೆ ಎಂದುಕೊಂಡು ಅವನು ಕಣ್ಣು ಅರೆ ಮುಚ್ಚಿದ.

ಸೆರಗು ಗಾಲಿಗೆ ಸುತ್ತಿತು. ಅವಳು ಬಿದ್ದಳು. ಸೀರೆ ಹಳೆಯದು, ಹರಿಯಿತು. ಹೊಸದಾಗಿದ್ದರೆ ಕೊರಳಿಗೆ ಉರುಲಾಗುತ್ತಿತ್ತು. ಮೊಣಕೈ ತರಚಿ, ಗದ್ದ ಒಡೆದು, ಅವಳು ರಸ್ತೆಯ ಮೇಲೆ ಕುಳಿತಿದ್ದಳು. ಅವನು ಓಡಿಬಂದ.

"ಎಷ್ಟು ಕೂಗಿದ್ನೋ ತಮ್ಮಾ, ಕೇಳಲಿಲ್ಲೇನು?"

"ಹಾಡು ಕೇಳಾಕತ್ತಿದ್ದೆ ಅತ್ತಿ."

"ಯಾರ ಹಾಡೋ?"

ಅವನು ಹೇಳಿದ. ಯಾರಿಗೂ ಹೇಳದಿದ್ದುದನ್ನೆಲ್ಲ ಅಲ್ಲೇ ರಸ್ತೆಯ ಬದಿಯಲ್ಲಿ ಹೇಳಿದ. ಹುಚ್ಚು ಎಂದು ಅವಳು ಬೈಯಬಹುದಿತ್ತು. ಅವಳು ಬೈಯಲಿಲ್ಲ. ಗದ್ದದ ರಕ್ತ ಒರೆಸಿಕೊಂಡು, "ಮನಿಗೆ ನಡಿ. ನನಗೂ ಒಂದ್ಸಲ ಕೇಳಿಸು" ಎಂದಳು. ಹೆತ್ತ ಹೊಟ್ಟೆಯಲ್ಲವೇ.

ಮನೆಯ ಅಂಗಳದಲ್ಲಿ ಅವನು ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಗೇರ್ ಹಾಕಿ ಹಿಂದಿನ ಗಾಲಿಯನ್ನು ಜೋರಾಗಿ ತಿರುಗಿಸಿದ. ಆಮೇಲೆ ನ್ಯೂಟ್ರಲ್ ಮಾಡಿ ಇಂಜಿನ್ ಆರಿಸಿದ. ಗಾಲಿ ತನ್ನಷ್ಟಕ್ಕೆ ತಿರುಗುತ್ತ ಗುನುಗಿತು. ಅತ್ತೆ ಅದರ ಪಕ್ಕ ಕುಳಿತು ಕಿವಿ ಕೊಟ್ಟಳು. ಅವಳ ಮುಖದಲ್ಲಿ ಆಸೆ ಎದ್ದು ಕಾಣುತ್ತಿತ್ತು. ಮಗಳು ಒಳಗಿನಿಂದ ಹೊಸಿಲಿಗೆ ಬರುತ್ತಾಳೇನೋ ಎನ್ನುವಂತೆ ಕಾದಳು. ಗಾಲಿ ನಿಂತಿತು. ಇನ್ನೊಮ್ಮೆ ತಿರುಗಿಸು ಎಂದಳು. ಇನ್ನೊಮ್ಮೆ ಕೇಳಿದಳು.

"ರಾಗ ಅಕೀದಾ ಐತಿ ತಮ್ಮಾ" ಎಂದಳು ಕೊನೆಗೆ. "ಆದ್ರ ಅಕಿ ಅಲ್ಲ. ನನ್ನ ಮಗಳು ಹಾಡ್ತಾ ಹಾಡ್ತಾ ನಡುವ ನಿಲ್ಲಸ್ತಿದ್ಲು. ಯವ್ವಾ, ಉಂಡಿಯೇನ ಅಂತ ಕೇಳತಿದ್ಲು. ಇದು ಬರೇ ಹಾಡತೈತಿ. ನಮ್ಮನ್ನ ಏನೂ ಕೇಳೂದಿಲ್ಲ."

ವ್ಯಾಪಾರಿಗೆ ಆಗ ಒಂದೊಂದೇ ನೆನಪಾಯಿತು. ಶಾವಂತ್ರವ್ವ ಸಾವಕಾಶ ಹೋಗ್ರಿ ಎನ್ನುತ್ತಿದ್ದಳು. ಮುಂದ ಎಮ್ಮಿ ಐತಿ ನೋಡ್ರಿ ಎನ್ನುತ್ತಿದ್ದಳು. ಆ ಮುದುಕಿಯ ಮೊಮ್ಮಗುವಿಗೆ ಕುಲಾವಿ ಸುಮ್ಮನೆ ಕೊಟ್ಟುಬಿಡ್ರಿ ಎನ್ನುತ್ತಿದ್ದಳು. ಆಗ ಅವನಿಗೆ ಅದು ಕಿರಿಕಿರಿ. ಅವಳು ಹೋದ ಮೇಲೆ ಅವನು ಹಾಡನ್ನು ಮಾತ್ರ ಆರಿಸಿ ಇಟ್ಟುಕೊಂಡಿದ್ದ.

ಮರುದಿನ ಬಸ್ಸಿನಲ್ಲಿ ಪೇಟೆಗೆ ಹೋಗಿ ಎರಡು ಹೊಸ ಬೇರಿಂಗ್ ತಂದ. ಅಂಗಡಿಯವನು ಕೂರಿಸುವ ಕ್ರಮ ಹೇಳಿದ. ಮೆಕ್ಯಾನಿಕ್ ಕೈಯಿಂದ ಹಾಕಿಸಿದರೆ ಒಳ್ಳೆಯದು ಎಂದೂ ಹೇಳಿದ. ವ್ಯಾಪಾರಿ ಒಪ್ಪಲಿಲ್ಲ. ತನ್ನವರ ಹೆಣಕ್ಕೆ ನೀರು ಹಾಕಲು ಯಾರೂ ಕೂಲಿಯಾಳನ್ನು ಕರೆಯುವುದಿಲ್ಲ.

ಅಂಗಳದಲ್ಲಿ ಗೋಣಿಚೀಲ ಹಾಸಿದ. ನಟ್ಟು ಬಿಚ್ಚಿ, ಅಚ್ಚು ಎಳೆದು, ಚೈನ್ ಸರಿಸಿ ಗಾಲಿಯನ್ನು ಹೊರತೆಗೆದ. ಗಾಲಿಯ ನಡುವೆ ಎರಡೂ ಮಗ್ಗುಲಿಗೆ ಒಂದೊಂದು ಬೇರಿಂಗ್, ಉಕ್ಕಿನ ಗುಂಡು ತುಂಬಿದ ಬಳೆ. ಈ ಕಡೆಯಿಂದ ಸಲಾಕೆ ತೂರಿಸಿ ಆ ಕಡೆಯದರ ಅಂಚಿಗೆ ಬಡಿಯಬೇಕು. ಒಂದೇ ಕಡೆ ಬಡಿದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಬಡಿಯಬೇಕು. ಬಡಿದ. ಮೊದಲನೆಯದು ತುಕ್ಕಿನ ಪುಡಿಯೊಂದಿಗೆ ಚೂರಾಗಿ ಬಿತ್ತು. ಎರಡರ ನಡುವೆ ಅಂತರ ಕಾಯುವ ಒಂದು ಕೊಳವೆ ಇತ್ತು. ಅದನ್ನು ಮತ್ತೆ ಹಾಕಲು ಮರೆತರೆ ಎರಡೂ ಒಂದನ್ನೊಂದು ಹಿಂಡಿ ಹಾಳಾಗುತ್ತವೆ. ಅದು ಬೇರೆ ಕತೆ, ಮದುವೆಯಾದವರಿಗೆ ಹೇಳುವಂಥದ್ದು, ನಿನಗೆ ಬೇಡ.

ಎರಡನೆಯದು ಇಡಿಯಾಗಿ ಬಂತು. ಅವನು ಅದನ್ನು ಬೆರಳಿಗೆ ಸಿಕ್ಕಿಸಿ ಕಿವಿಯ ಹತ್ತಿರ ಹಿಡಿದು ತಿರುಗಿಸಿದ. ಸಣ್ಣಗೆ ಗುನುಗಿತು.

ಮನಸ್ಸು ವಕೀಲಿ ಶುರು ಮಾಡಿತು. ಕೆಟ್ಟದ್ದು ಚೂರಾದ ಅದೊಂದೇ. ಇದು ಇನ್ನೂ ತಿರುಗುತ್ತಿದೆ. ಆ ಕಡೆ ಹೊಸದು ಹಾಕಿ, ಈ ಕಡೆ ಇದನ್ನೇ ಮತ್ತೆ ಕೂರಿಸಿದರೆ ಯಾರಿಗೆ ತಿಳಿಯುತ್ತದೆ? ಅತ್ತೆಯನ್ನು ಬಸ್ಸಿನಲ್ಲಿ ಕಳಿಸಿದರಾಯಿತು. ಒಬ್ಬನೇ ಇರುವಾಗ ಕೇಳಿದರೆ ಯಾರಿಗೆ ನಷ್ಟ? ಬಹಳ ಹೊತ್ತು ಅವನು ಅದನ್ನು ತಿರುಗಿಸುತ್ತ ಕುಳಿತ. ಅಂಗಳ ದೂರವಾಯಿತು, ಬೆಳಕು ದೂರವಾಯಿತು, ಹಿಂದೆ ಯಾರೋ ಕುಳಿತ ಹಾಗಾಯಿತು.

ಅತ್ತೆ ಕುದಿಯುವ ನೀರಿನ ಕೆಟಲು ಹಿಡಿದು ಬಂದಳು. ಬಿಸಿನೀರು ಹೊಯ್ದರೆ ಗಾಲಿಯ ನಡುವಿನ ಲೋಹ ಕೂದಲೆಳೆಯಷ್ಟು ಹಿಗ್ಗಿ ಹೊಸದಕ್ಕೆ ಜಾಗ ಕೊಡುತ್ತದೆ. ಪಟ್ಟಿ ಕಟ್ಟಿದ ಮೊಣಕೈ ಮಡಿಸಲು ಬಾರದೆ ಅವಳು ಕೆಟಲನ್ನು ದೂರಕ್ಕೆ ಹಿಡಿದಿದ್ದಳು.

"ಹಾಕಲ್ಯಾ ನೀರು?" ಎಂದಳು.

ಅವನು ಆ ಮೊಣಕೈಯನ್ನು ನೋಡಿದ. "ಹಾಕು ಅತ್ತಿ" ಎಂದ.

ಹೊಸ ಬೇರಿಂಗಿಗೆ ನೇರವಾಗಿ ಸುತ್ತಿಗೆ ತಾಗಿಸುವಂತಿಲ್ಲ, ಅಂದೇ ಕೆಡುತ್ತದೆ. ಅದೇ ಅಳತೆಯ ಹಳೆಯದನ್ನು ಮೇಲಿಟ್ಟು ಅದರ ಮೇಲೆ ಬಡಿಯಬೇಕು. ಅವನ ಹತ್ತಿರ ಇಡಿಯಾಗಿ ಉಳಿದಿದ್ದ ಹಳೆಯದು ಒಂದೇ, ಹಾಡುವಂಥದ್ದು. ಅದನ್ನೇ ಇಟ್ಟ. ಅದರ ಮೇಲೆಯೇ ಬಡಿದ. ಅಳುತ್ತ ಬಡಿದ. ಶಾವಂತ್ರವ್ವನನ್ನು ಎರಡನೆಯ ಸಲ ಮಣ್ಣು ಮಾಡಿದಷ್ಟು ಸಂಕಟವಾಯಿತು. ಹೊಸದು ತನ್ನ ಜಾಗಕ್ಕೆ ಕೂರುವಾಗ ಏಟಿನ ಸದ್ದು ಗಟ್ಟಿಯಾಗುತ್ತದೆ. ಅದು ಕೇಳಿಸಿದ ಮೇಲೆ ನಿಲ್ಲಿಸಿದ. ಕೊಳವೆ ಇಟ್ಟು, ಗಾಲಿ ಮಗುಚಿ, ಆ ಕಡೆಯದನ್ನೂ ಹಾಗೆಯೇ ಕೂರಿಸಿದ. ಅತ್ತೆ ಮೆಟ್ಟಿಲ ಮೇಲೆ ಕುಳಿತು ಅವನಷ್ಟೇ ಅತ್ತಳು. ಶಾವಂತ್ರವ್ವ ಸತ್ತ ಮೇಲೆ ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಗಾಯ ಮಾಯ್ದ ಮೇಲೆ ಇಬ್ಬರೂ ಮತ್ತೆ ಕಣ್ಣಿನ ಆಸ್ಪತ್ರೆಗೆ ಹೊರಟರು. ಗಾಡಿ ಸುಮ್ಮನೆ ಓಡಿತು. ಆ ಹದದ ವೇಗ ಬಂತು, ದಾಟಿತು, ಏನೂ ಏಳಲಿಲ್ಲ. ಅವನ ಬೆನ್ನು ಬರಿದಾಗಿತ್ತು. ದಾರಿ ಬಹಳ ಉದ್ದ ಎನಿಸಿತು.

"ತಮ್ಮಾ, ಗಾಳಿ ಕಣ್ಣಿಗೆ ಹೊಡಿಯಾಕತ್ತೈತಿ" ಎಂದಳು ಅತ್ತೆ, ಮೆಲ್ಲಗೆ.

ಅವನು ವೇಗ ಇಳಿಸಿದ.

ಅಜ್ಜಾರು ಕತೆಯನ್ನು ಅಲ್ಲಿಗೆ ಮುಗಿಸಿದರು. ಮಡಿವಾಳಯ್ಯ ಕಣ್ಣು ಮುಚ್ಚಿ ಕೇಳುತ್ತಿದ್ದವನು ಕಣ್ಣು ತೆರೆದ. ವ್ಯಾಪಾರಿಯ ಬಗ್ಗೆ ಅವನಿಗೆ ಬಹಳ ಮರುಕವಾಗಿತ್ತು. "ಹಂಗಾರ ಅಜ್ಜಾರ, ಅವಂಗ ಮುಂದ ಯಾವತ್ತೂ ಹಾಡು ಕೇಳಲೇ ಇಲ್ಲೇನ್ರೀ?" ಎಂದ.

"ಅದಿರಲಿ, ಅಡಿಗಿಮನಿಯಿಂದ ಆಗಿನಿಂದ ನಿನ್ನ ಹೆಸರು ಹಿಡಿದು ಕರಿಯಾಕತ್ತಾರ, ಅದು ಕೇಳಿಸ್ತೇನು?" ಎಂದರು ಅಜ್ಜಾರು.