ಹೊಳೆಗೆ ಸುರಿದ ಮೊಂಡುಬೆಳ್ಳಿ

ನಿನ್ನ ಮುತ್ತಜ್ಜಿಯ ಮುತ್ತಜ್ಜಿ ಹುಟ್ಟೋಕೂ ಮುಂಚೆ, ಒಂದಾನೊಂದು ಕಾಲದಲ್ಲಿ ಕಣೆ ಪುಟ್ಟಿ, ಕಲ್ಲುಬೆಟ್ಟದ ಬುಡದಲ್ಲಿ ಒಂದು ಹೊಳೆ ಹರೀತಿತ್ತಂತೆ. ಆ ಹೊಳೆ ದಡದಲ್ಲಿ ಭರ್ಮಣ್ಣ ಅಂತ ಒಬ್ಬ ಜಾಲಗಾರ, ಅಂದ್ರೆ ಮರಳು ತೊಳೆದು ಚಿನ್ನ ತೆಗೆಯೋನು, ಹೆಂಡ್ತಿ ಮಾರಕ್ಕನ ಜೊತೆ ಇದ್ನಂತೆ. ಅವರಿಗೆ ಮೂರು ಗಂಡುಮಕ್ಕಳು. ದೊಡ್ಡೋನು ಗಿರಿಯಣ್ಣ, ನಡುವಿನೋನು ಕಾಟಯ್ಯ, ಕಿರಿಯೋನು ಓಬಣ್ಣ. ಬೆಳಗಾದ್ರೆ ಮರಿಗೆಗೆ, ಅಂದ್ರೆ ಮರದ ಹರಿವಾಣಕ್ಕೆ, ಮರಳು ತುಂಬಿ ನೀರಲ್ಲಿ ಅಲ್ಲಾಡ್ಸೋರು, ಹಗುರದ್ದೆಲ್ಲ ತೇಲಿ ಹೋಗಿ ತಳದಲ್ಲಿ ಸಾಸಿವೆಗಿಂತ ಸಣ್ಣ ಚಿನ್ನದ ಕಾಳು ಉಳಿಯೋದಂತೆ. ಅದರ ಜೊತೆಗೇ ಇನ್ನೊಂದು ಬಿಳೀ ಕಾಳೂ ಉಳಿಯೋದು. ಬಣ್ಣ ಬೆಳ್ಳೀದು, ಭಾರ ಚಿನ್ನದ್ದು, ಆದ್ರೆ ಎಂಥ ಬೆಂಕಿಗಿಟ್ಟರೂ ಕರಗ್ತಿರ್ಲಿಲ್ವಂತೆ. ಅದಕ್ಕೆ ಮೊಂಡುಬೆಳ್ಳಿ ಅಂತ ಹೆಸರಿಟ್ಟು, ಹೆಕ್ಕಿ ಹೆಕ್ಕಿ ಹಿತ್ತಲಿಗೆ ಎಸೀತಿದ್ರಂತೆ. ಕೋಳಿಗಳೂ ಅದನ್ನ ಮೂಸ್ತಿರ್ಲಿಲ್ಲ.

ಆಮೇಲೆ ದೊರೆ ಮಗಳಿಗೆ ಮದುವೆ ಗೊತ್ತಾಯ್ತಂತೆ. ಭರ್ಮಣ್ಣ ಕೊಟ್ಟ ಚಿನ್ನದಲ್ಲೇ ಅವಳಿಗೆ ಸೊಂಟದ ಡಾಬು ಮಾಡ್ಸಿದ್ರು. ಭರ್ಮಣ್ಣಂಗೆ ವಯಸ್ಸಾಗಿತ್ತು, ಕಣ್ಣು ಮಂಜು, ಬಿಳೀ ಕಾಳು ಒಂದಷ್ಟು ಚಿನ್ನದಲ್ಲೇ ಉಳ್ಕೊಂಡುಬಿಟ್ಟಿತ್ತು. ಧಾರೆ ಹೊತ್ತಿಗೆ ಹುಡುಗಿ ಬಗ್ಗಿದ್ಲು, ಡಾಬು ಆ ಕಾಳಿದ್ದ ಕಡೆಯೇ ಪಟ್ ಅಂತ ಮುರಿದು ನೆಲಕ್ಕೆ ಬಿತ್ತಂತೆ. ಅಪಶಕುನ ಅಂತ ಬೀಗರೆಲ್ಲ ಗುಸುಗುಸು. ದೊರೆಗೆ ಅವಮಾನ ಆಯ್ತು. ಆ ಮುದುಕ ಕಲಬೆರಕೆ ಮಾಡಿದಾನೆ, ಎಳ್ಕೊಂಡು ಬನ್ನಿ ಅಂದ. ಭರ್ಮಣ್ಣನ್ನ ನೆಲಮಾಳಿಗೆಗೆ ತಳ್ಳಿದ್ರಂತೆ.

ಆಮೇಲೆ ಮಾರಕ್ಕ ಕತ್ತಿನ ತಾಳಿ ಬಿಚ್ಚಿ, ಅಪ್ಪನ್ನ ಬಿಡಿಸ್ಕೊಂಡು ಬಾ ಅಂತ ದೊಡ್ಡೋನ ಕೈಗೆ ಕೊಟ್ಲು. ಅದೊಂದೇ ಕಣೆ ಆ ಮನೇಲಿದ್ದ ಚಿನ್ನ, ಊರಿಗೆಲ್ಲ ಚಿನ್ನ ತೆಗೆದೋರ ಮನೇಲಿ. ಚಿನ್ನ ಕಂಡದ್ದೇ ಅರಮನೆ ಬಾಗಿಲೆಲ್ಲ ತಾನಾಗಿ ತೆರ್ಕೊಂಡ್ವಂತೆ. ದೊರೆ ತಾಳಿ ಇಸ್ಕೊಂಡ, ಡಾಬಿಗೆ ಇದು ಸರಿಹೋಯ್ತು, ನನ್ನ ಮಾನಕ್ಕೆ ಏನು ಕೊಡ್ತೀಯ ಅಂದ. ಗಿರಿಯಣ್ಣ ಬರಿಗೈಲಿ ವಾಪಸ್ ಬಂದ. ಆಮೇಲೆ ಮಾರಕ್ಕನ ಬೆಳ್ಳಿ ಕಡಗ, ಕಾಲುಂಗುರ ತಗೊಂಡು ಕಾಟಯ್ಯ ಹೋದ. ಬೆಳ್ಳಿಗೆ ದೊಡ್ಡ ಬಾಗಿಲು ತೆರೀಲಿಲ್ಲ, ಹಿಂದಿನ ಕಿಂಡಿ ತೆರೀತು. ಕಾವಲಿನೋನು ಕಡಗ ಮಡಿಲಿಗೆ ಹಾಕ್ಕೊಂಡು, ಒಂದು ಸಲ ಅಪ್ಪನ್ನ ನೋಡೋಕೆ ಬಿಟ್ನಂತೆ. ಅಪ್ಪ ಕತ್ತಲಲ್ಲಿ ಕೂತಿದ್ದ. ಹೊಳೇಲಿ ಹೊಸನೀರು ಬಂತೇನಪ್ಪಾ ಅಂತ ಕೇಳಿದ್ನಂತೆ. ಅಷ್ಟೇ.

ಇನ್ನು ಮನೇಲಿ ಏನೂ ಉಳಿದಿರ್ಲಿಲ್ಲ. ಓಬಣ್ಣ ಹಿತ್ತಲಿಗೆ ಹೋಗಿ ಮೊಂಡುಬೆಳ್ಳಿ ಬಾಚಿ ಬಟ್ಟೇಲಿ ಗಂಟು ಕಟ್ಕೊಂಡು ಹೊರಟ. ಬಾಗಿಲಿನೋನು ಗಂಟು ಬಿಚ್ಚಿ ನೋಡಿ ನಕ್ಕು, ಎಲ್ಲಾನೂ ನೆಲಕ್ಕೆ ಸುರಿದ್ನಂತೆ. ಓಬಣ್ಣ ಮಂಡಿಯೂರಿ ಒಂದೊಂದೇ ಕಾಳು ಆರಿಸ್ತಾ ಕೂತ. ಅಷ್ಟರಲ್ಲಿ ದೊರೆ ಕುದುರೆ ಬಂತು. ಏನೋ ಅದು ಅಂತ ದೊರೆ ಕೇಳಿದ. ಮಾಬುದ್ಧಿ, ನಮ್ಮಪ್ಪ ಮೋಸ ಮಾಡಿಲ್ಲ, ಇದು ಹೊಳೇಲಿ ಚಿನ್ನದ ಜೊತೆಗೇ ಹುಟ್ಟುತ್ತೆ, ಬೇಕಾದ್ರೆ ನೀವೇ ಬಂದು ಒಂದು ಮರಿಗೆ ಮರಳು ತೊಳೆಸಿ ನೋಡಿ ಅಂದ ಓಬಣ್ಣ.

ದೊರೆ ಆಳು ಕಳಿಸಿ ತೊಳೆಸಿ ನೋಡ್ದ, ನಿಜ. ಆಮೇಲೆ ಅಕ್ಕಸಾಲಿಯನ್ನ ಕರೆಸಿದ. ಮೂಸೆಗೆ ಹಾಕಿ ತಿದಿ ಒತ್ತಿದ್ರು, ಕರಗ್ಲಿಲ್ಲ. ಸುತ್ತಿಗೇಲಿ ಹೊಡೆದ್ರು, ಚಿಮ್ಮಿ ಹೋಯ್ತು. ಒರೆಗಲ್ಲಿಗೆ ತಿಕ್ಕಿದ್ರು, ಬೂದಿ ಬಣ್ಣದ ಗೀಟು. ಬೆಳ್ಳೀ ಕಾಲ್ಧೂಳಿಗೂ ಸಮ ಇಲ್ಲ ಬುದ್ಧಿ ಅಂದ ಅಕ್ಕಸಾಲಿ. ಆದ್ರೆ ಅಂಗೈಲಿ ತೂಗಿ ನೋಡಿದ ದೊರೆಗೆ ಭಯ ಆಯ್ತು. ಇಷ್ಟು ಭಾರದ್ದಕ್ಕೆ ಯಾರಾದ್ರೂ ಚಿನ್ನದ ನೀರು ಹಾಕಿ ನನ್ನ ಬೊಕ್ಕಸಕ್ಕೇ ತುಂಬಿದ್ರೆ ಅಂತ. ನಿಮ್ಮಪ್ಪಂದು ತಪ್ಪಿಲ್ಲ, ಕರ್ಕೊಂಡು ಹೋಗು ಅಂದ. ಓಬಣ್ಣ ಕಾಲಿಗೆ ಬಿದ್ದ. ಅವನು ಏಳೋಕೆ ಮುಂಚೆ ದೊರೆ ಇನ್ನೊಂದು ಮಾತಂದ. ಇರೋ ಮೊಂಡುಬೆಳ್ಳಿಯನ್ನೆಲ್ಲ ಹೊಳೆ ಮಡುವಿಗೆ ಸುರೀರಿ, ಇವತ್ತಿನಿಂದ ಆ ಹೊಳೆ ಮರಳು ಯಾರೂ ಮುಟ್ಟಕೂಡದು.

ಮಾಬುದ್ಧಿ, ನಮಗೆ ಬೇರೆ ಕಸುಬೇ ಗೊತ್ತಿಲ್ಲ ಅಂದ ಓಬಣ್ಣ. ದೊರೆ ಆಗಲೇ ಒಳಗೆ ಹೋಗಿದ್ದ.

ಆ ದಡದಲ್ಲಿದ್ದ ಜಾಲಗಾರರೆಲ್ಲ ಮೂಟೆ ಹೊತ್ತು ತಂದು, ಕಾವಲಿನೋರ ಮುಂದೆ ಮಡುವಿಗೆ ಸುರಿದ್ರಂತೆ. ಬಿಡುಗಡೆಯಾಗಿ ಬಂದ ಭರ್ಮಣ್ಣನ ಕಣ್ಣು ನೆಲಮಾಳಿಗೇಲೇ ಪೂರ್ತಿ ಹೋಗಿತ್ತು. ದಡದಲ್ಲಿ ಕೂತು ಸದ್ದು ಕೇಳಿಸ್ಕೊಂಡು, ಎಷ್ಟು ಭಾರವಾಗಿ ಬೀಳ್ತಿದೆಯಲ್ರೋ, ಚಿನ್ನವೇನ್ರೋ ಅಂದ. ಇಲ್ಲಪ್ಪ, ಕಸ ಅಂದ ಓಬಣ್ಣ.

ಆಮೇಲೆ ಅವರು ಊರು ಬಿಟ್ರಂತೆ. ದಾರೀಲಿ ನೀರಿಗೆ ಬಂದ ಹೆಂಗಸರು ಮಾರಕ್ಕನ ಬರೀ ಕತ್ತು ನೋಡಿ, ಪಾಪ, ಗಂಡ ಯಾವಾಗ ಹೋದ್ನಮ್ಮಾ ಅಂತ ಕೇಳಿದ್ರಂತೆ. ಗಂಡ ಪಕ್ಕದಲ್ಲೇ ಕೋಲು ಹಿಡ್ಕೊಂಡು ನಡೀತಿದ್ದ. ಅವತ್ತು ಭರ್ಮಣ್ಣ ಒಂದು ಅರಿಶಿನದ ಕೊಂಬನ್ನ ದಾರಕ್ಕೆ ಕಟ್ಟಿ, ತಡವರಿಸಿ ತಡವರಿಸಿ ಅವಳ ಕತ್ತಿಗೆ ಕಟ್ಟಿದ. ಮಳೆಗಾಲ ಕಳೆಯೋದ್ರೊಳಗೆ ಅವನು ನಿಜವಾಗ್ಲೂ ಹೋದ. ಮಕ್ಕಳು ದೂರದೂರಲ್ಲಿ ಕಲ್ಲು ಒಡೆಯೋ ಕೂಲಿಗೆ ಸೇರಿದ್ರು. ಮದುವೆ ಆಯ್ತು, ಸೂರು ಆಯ್ತು, ಅಂಬಲಿಗೆ ಕೊರತೆ ಇರ್ಲಿಲ್ಲ. ಅಷ್ಟೇ ಅವರ ಸುಖ ಕಣೆ.

ಎಷ್ಟೋ ತಲೆಮಾರು ಆದಮೇಲೆ, ಅದನ್ನೂ ಕರಗಿಸೋ ಬೆಂಕಿ ಬಂತಂತೆ. ಅದಕ್ಕೆ ಪ್ಲಾಟಿನಂ ಅಂತ ಹೆಸರಾಯ್ತು, ಬೆಲೇಲಿ ಬೆಳ್ಳಿ ದಾಟ್ತು, ಚಿನ್ನಾನೂ ದಾಟ್ತು. ಯಾರ್‍ಯಾರೋ ಬಂದು ಆ ಮಡು ತೋಡಿದ್ರು. ಈಗ ನೋಡಿದ್ರೆ ಮತ್ತೆ ಚಿನ್ನವೇ ಮೇಲೆ ಹೋಗಿದೆ ಅಂತಾರೆ.

ಏನಂದೆ? ಓಬಣ್ಣಂಗೆ ಗೊತ್ತಾಯ್ತಾ ಅಂತಾನಾ? ಇಲ್ಲ ಕಣೆ. ತಾನು ಸುರಿದದ್ದು ಕಸ ಅಂತಲೇ ತಿಳ್ಕೊಂಡು ಕಣ್ಣು ಮುಚ್ಚಿದ. ಹೇಳೋಣ ಅಂದ್ರೆ ಆಗ ಯಾರಿಗೂ ಗೊತ್ತಿರ್ಲಿಲ್ಲ, ಗೊತ್ತಾದಾಗ ಅವನಿರ್ಲಿಲ್ಲ.

ಅಳಬಾರ್ದು, ಇತ್ತ ತಿರುಗು. ಕತೆ ಅಲ್ಲಿಗೇ ಮುಗೀತು, ಅದಕ್ಕೆ ಮುಂದೆ ದಾರಿ ಇಲ್ಲ.